ಸಾಕ್ಷಿ ಹುಳು

ರೇಷ್ಮೆ ಹುಳುವಿಗೆ ಮನುಷ್ಯನ ದೇಹದ ಒಂದೇ ಒಂದು ಗುಟ್ಟನ್ನು ಕಲಿಸಿಕೊಟ್ಟರೆ ಏನಾದೀತು? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು ವಾರಿಜ ವರ್ಷಗಟ್ಟಲೆ ಕಳೆದಿದ್ದಳು. ಕಲಿಸಿದ್ದೂ ಆಗಿತ್ತು, ಹುಳು ಕಲಿತದ್ದೂ ಆಗಿತ್ತು. ಆದರೆ ಕಲಿತ ಪಾಠವನ್ನು ಅದು ಮೊಟ್ಟಮೊದಲು ತನ್ನ ತವರುಮನೆಯಲ್ಲೇ ಒಪ್ಪಿಸುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಮ್ಮನ ಫೋನು ಬಂದಾಗ ಅವಳು ಚಿಕ್ಕಬಳ್ಳಾಪುರದ ಹೊರವಲಯದ ಸಂಶೋಧನಾ ಕೇಂದ್ರದಲ್ಲಿ ಕೈಗವಸು ಕಳಚುತ್ತಿದ್ದಳು.

"ವಾರಿಜ, ನಿನ್ ಹುಳ ಗೂಡು ಕಟ್ಟಿದ್ವು ಕಣಮ್ಮ," ಎಂದಳು ಮುನಿಲಕ್ಷ್ಮಮ್ಮ. ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. "ಏನ್ ಬಿಳುಪು ಅಂತೀಯ. ಮಲ್ಲಿಗೆ ಮೊಗ್ಗು ನಾಚ್ಕೋಬೇಕು. ಒಂದಾನ ಹಳದಿ ಇಲ್ಲ. ನಾನು ಸಾಕಿದ್ರೆ ಹಂಗೇ ಬರೋದು."

ವಾರಿಜ ಕೈಗವಸನ್ನು ಅರ್ಧಕ್ಕೇ ಬಿಟ್ಟಳು. "ಎಲ್ಲವೂ ಬಿಳೀನಾ ಅಮ್ಮ?"

"ಎಲ್ಲವೂ. ಆಂಜಿ ಕೈಲಿ ಫೋಟೋ ಹಾಕ್ಸಿದೀನಿ, ನೋಡು."

ಅಮ್ಮನ ಸಂಭ್ರಮದಲ್ಲಿ ತಪ್ಪೇನಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಬಿಳಿ ಗೂಡೆಂದರೆ ತಲೆಯೆತ್ತಿಕೊಂಡು ಮಾರುವ ಮಾಲು, ಹಳದಿಯೆಂದರೆ ಚೌಕಾಸಿಗೆ ಮಣಿಯಬೇಕಾದ ಮಾಲು. ವಾರಿಜಳ ಹುಳುವಿನ ಶಾಸ್ತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಯಾವ ಬಣ್ಣಕ್ಕೆ ಏನರ್ಥ ಎಂಬುದನ್ನು ಪರೀಕ್ಷೆಗೆ ಒಪ್ಪಿದ ಮನೆಗಳಿಗೆ ಹೇಳಿರಲಿಲ್ಲ. ಹೇಳಿಬಿಟ್ಟರೆ ಜನ ತಮಗೆ ಬೇಕಾದ ಬಣ್ಣವನ್ನೇ ಕಾಣುತ್ತಾರೆ, ಅದಕ್ಕಾಗಿ ಆ ಕಟ್ಟಳೆ.

ಶಾಸ್ತ್ರ ಇಷ್ಟೇ. ನಮ್ಮ ಜೀವಕೋಶಗಳೊಳಗೆ ಹಾರ್ಮೋನುಗಳಿಗೆಂದು ಕಾದಿರಿಸಿದ ಸೀಟುಗಳಿವೆ, ಗ್ರಾಹಿ ಎಂದು ಅವುಗಳ ಹೆಸರು. ಹಾರ್ಮೋನು ಬಂದು ಸೀಟಿನಲ್ಲಿ ಕೂತರೆ ಜೀವಕೋಶಕ್ಕೆ ಅಪ್ಪಣೆ ಸಿಗುತ್ತದೆ: ಬೆಳೆ, ನಿಲ್ಲು, ಇದನ್ನು ತಯಾರಿಸು, ಅದನ್ನು ಬಿಡು. ಕೋಲೆಬಸವನ ಹಾಗೆ ತಲೆಯಾಡಿಸುತ್ತ ಅದು ಮಾಡುತ್ತ ಹೋಗುತ್ತದೆ. ಈಗ ಸಂತೆಯ ದಿನದ ಬಸ್ಸನ್ನು ನೆನೆಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಯಾರೋ ಒಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾನೆ. ಹಿಡಿದವನು ಬರುವುದೇ ಇಲ್ಲ. ಟವೆಲ್ ಕೂತಿರುತ್ತದೆ, ಟಿಕೆಟ್ ತೆಗೆದುಕೊಂಡವನು ನಿಂತಿರುತ್ತಾನೆ. ಹಳೆಯ ಕೆಲವು ಕೀಟನಾಶಕಗಳು ದೇಹದೊಳಗೆ ಮಾಡುವುದು ಇದೇ ಕೆಲಸ. ಅವು ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಸುಮ್ಮನೆ ಸೀಟಿನಲ್ಲಿ ಬಿದ್ದಿರುತ್ತವೆ. ನೀರಿನಲ್ಲಿ ಕರಗದೆ, ಜಿಡ್ಡಿನಲ್ಲಿ ಅವಿತು, ಮಣ್ಣಿನಿಂದ ಕೋಳಿಗೆ, ಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮನುಷ್ಯನಿಗೆ ದಾಟುತ್ತ ದಶಕಗಳ ಕಾಲ ಬದುಕುತ್ತವೆ.

ವಾರಿಜ ಮನುಷ್ಯನ ಅಂಥ ಒಂದು ಗ್ರಾಹಿಯನ್ನು ರೇಷ್ಮೆ ಹುಳುವಿನ ನೂಲಿನ ಗ್ರಂಥಿಗೆ ಸೇರಿಸಿದ್ದಳು. ಹುಳುವಿನ ಮೇವಿನ ಬಿಲ್ಲೆಯಲ್ಲಿ ಚೂರೇ ಚೂರು ಹಾರ್ಮೋನು ಇರುತ್ತದೆ. ಅದು ಸೀಟಿನಲ್ಲಿ ಕೂತರೆ ನೂಲು ಅರಿಸಿನದ ಹಾಗೆ ಹಳದಿ. ಸೀಟಿನಲ್ಲಿ ಟವೆಲ್ ಇದ್ದರೆ ಹುಳು ತನ್ನ ಪಾಡಿಗೆ ಬಿಳಿ ಗೂಡು ಕಟ್ಟುತ್ತದೆ. ಮನೆಯವರು ತಾವು ದಿನವೂ ತಿನ್ನುವ ಪದಾರ್ಥವನ್ನು ಹುಳುಗಳ ಪೆಟ್ಟಿಗೆಯಲ್ಲೇ ಇಟ್ಟುಕೊಟ್ಟ ಸೀಸೆಯ ದ್ರವದೊಂದಿಗೆ ಕುಲುಕಿ, ಮೇಲೆ ತೇಲಿದ ಜಿಡ್ಡನ್ನು ಹನಿಹನಿಯಾಗಿ ಬಿಲ್ಲೆಗೆ ಹಾಕಿದರೆ ಮುಗಿಯಿತು. ಉಳಿದ ಮಾತನ್ನು ಹುಳುವೇ ಆಡುತ್ತದೆ. ಅದಕ್ಕೇ ಅದಕ್ಕೆ ಸಾಕ್ಷಿ ಹುಳು ಎಂದು ಹೆಸರಿಟ್ಟಿದ್ದಳು.

"ಅಮ್ಮ, ಹುಳಕ್ಕೆ ಏನು ಹಾಕಿದ್ದೆ?"

"ಮೊಟ್ಟೆ ಭಂಡಾರ, ಒಳಗಿನ ಹಳದಿ. ನಮ್ ಕೋಳಿದೇ. ಅಂಬುಜಂಗೆ ದಿನಾ ಎರಡು ಕೊಡ್ತೀನಲ್ಲ, ಅದ್ರಾಗೇ ಒಂಚೂರು ತೆಗ್ದು ಹಾಕ್ದೆ."

ಅಂಬುಜ ವಾರಿಜಳ ತಂಗಿ. ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಎರಡು ಬಸಿರು ನಿಲ್ಲದೆ ಹೋದಮೇಲೆ ಈಗ ಮೂರನೆಯದು ಐದು ತಿಂಗಳಿಗೆ ಬಂದಿತ್ತು. ಗಂಡನ ಮನೆಯಲ್ಲಿ ಮಹಡಿ ಮೆಟ್ಟಿಲು ಹತ್ತಿಳಿಯುವುದು ಬೇಡವೆಂದು ಅಮ್ಮ ಎರಡು ತಿಂಗಳ ಹಿಂದೆಯೇ ತವರೂರು ಸೀತೇನಹಳ್ಳಿಗೆ ಕರೆತಂದಿದ್ದಳು, ಎರಡು ಜೀವಕ್ಕೆ ಉಣ್ಣಿಸುತ್ತಿದ್ದಳು. ಫೋನಿನಲ್ಲಿ ಬಂದ ಫೋಟೋವನ್ನು ವಾರಿಜ ದೊಡ್ಡದು ಮಾಡಿ ನೋಡಿದಳು. ಅಮ್ಮ ಹೇಳಿದ್ದು ನಿಜ, ಮಲ್ಲಿಗೆ ಮೊಗ್ಗು ನಾಚಬೇಕು. ಅವಳಿಗೆ ಅಳು ಬಂತು.

* * *

ಕೇಂದ್ರದ ಮುಖ್ಯಸ್ಥ ಸಮೀಉಲ್ಲಾ ಶಿಡ್ಲಘಟ್ಟದಲ್ಲಿ ತಲೆಮಾರುಗಳಿಂದ ನೂಲು ತೆಗೆಯುವ ಮನೆತನದವರು. ಬಿಸಿನೀರಿನ ಆವಿಯಲ್ಲಿ ಹುಟ್ಟಿ, ಗೂಡಿನ ವಾಸನೆಯಲ್ಲಿ ಬೆಳೆದು, ಆಮೇಲೆ ವಿಜ್ಞಾನಿಯಾದವರು. ಫೋಟೋ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಾರಿಜಾ ಅವರೇ, ಹತ್ತು ಮನೆ ಆರಿಸಿದೀವಿ. ಅದರಲ್ಲಿ ನಿಮ್ಮ ತಾಯಿ ಮನೇನ ಯಾಕೆ ಆರಿಸಿದ್ವಿ?"

"ಹೋಲಿಕೆಗೆ ಸರ್. ಹುಳ ಸಾಕೋರ ಮನೇಲಿ ಔಷಧಿ ಅನ್ನೋದು ಹೊಸಿಲು ದಾಟಲ್ಲ ಅಂತ."

"ಹೌದಲ್ಲ? ಅತಿ ಶುದ್ಧವಾದ ಮನೆಯದ್ದೇ ಬಿಳಿ, ಉಳಿದ ಒಂಬತ್ತೂ ಹಳದಿ. ಮುಂದಿನ ತಿಂಗಳು ಸಮಿತಿಯವರು ಬರ್ತಾರೆ. ಇದನ್ನ ನೋಡಿದ್ರೆ ನಿಮ್ಮ ಹುಳುಗೆ ತಲೆ ಕೆಟ್ಟಿದೆ ಅಂತಾರೆ. ಯೋಜನೆ ಮೂಲೆ ಸೇರತ್ತೆ." ಆಮೇಲೆ ಅವಳ ಮುಖ ನೋಡದೆ ಹೇಳಿದರು. "ಒಂದು ಮನೆ ಬಿಟ್ಟುಬಿಟ್ಟರೆ ಯಾರೂ ಕೇಳೋದಿಲ್ಲ. ಪೆಟ್ಟಿಗೆ ಬಿಸಿಲಿಗೆ ಸಿಕ್ತು ಅಂದ್ರಾಯ್ತು."

ಆಸೆ ಯಾರಿಗಿಲ್ಲ? ಒಂದು ಗಳಿಗೆ ವಾರಿಜಳಿಗೂ ಆಸೆಯಾಯಿತು. ಅಷ್ಟು ವರ್ಷದ ದುಡಿಮೆ, ಒಂದು ಸಣ್ಣ ಸುಳ್ಳು. ಆದರೆ ಪೆಟ್ಟಿಗೆ ಬಿಸಿಲಿಗೆ ಸಿಕ್ಕಿಲ್ಲ, ಹುಳು ನಿಜವನ್ನೇ ಹೇಳುತ್ತಿದೆ ಎಂದು ಅವಳ ಕರುಳಿಗೆ ಗೊತ್ತಾಗಿತ್ತು.

"ಆ ಮನೇಲಿ ನನ್ನ ತಂಗಿ ಇದ್ದಾಳೆ ಸರ್. ಬಸುರಿ. ಆ ಮೊಟ್ಟೆ ಅವಳು ದಿನಾ ತಿಂತಾಳೆ."

ಸಮೀಉಲ್ಲಾ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ತಾವು ಆಡಿದ ಮಾತಿಗೆ ನಾಚಿದ್ದು ಅವರ ಮುಖದಲ್ಲೇ ಕಂಡಿತು. "ಹಾಗಾದ್ರೆ ಇವತ್ತೇ ಹೊರಡಿ. ಏನೇನು ಸಿಗತ್ತೋ ಎಲ್ಲ ತನ್ನಿ. ವಿಷ ಅಳೆಯೋ ಯಂತ್ರ ನಾನು ನಿಮಗೇ ಅಂತ ಇಟ್ಟಿರ್ತೀನಿ."

* * *

ಹುಳ ಸಾಕುವ ಮನೆಯ ಮಡಿ ಮಠದ ಮಡಿಯನ್ನು ಮೀರಿಸುವಂಥದ್ದು. ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆಬತ್ತಿಯ ಮಾತೇ ಇಲ್ಲ. ಮುಖಕ್ಕೆ ಪೌಡರು ಹಾಕಿಕೊಂಡವರು ಅಂಗಳದಲ್ಲೇ ನಿಲ್ಲಬೇಕು. ಅಂಬುಜಳನ್ನು ನೋಡಲು ಬಂದ ಗಂಡು ಅಂಗಿಗೆ ಸೆಂಟು ಬಳಿದುಕೊಂಡು ಬಂದಿದ್ದ. ಮುನಿಲಕ್ಷ್ಮಮ್ಮ ಅವನನ್ನು ಹಿತ್ತಲಿಗೆ ಕಳಿಸಿ, ತಲೆಯ ಮೇಲೆ ನಾಲ್ಕು ಬಿಂದಿಗೆ ನೀರು ಹುಯ್ಯಿಸಿ, ಮಗ ಆಂಜಿನಪ್ಪನ ಅಂಗಿ ತೊಡಿಸಿ, ಆಮೇಲೆ ಹೆಣ್ಣು ತೋರಿಸಿದ್ದಳು. ಹುಡುಗ ತೆಪ್ಪಗೆ ಮೀಯಿಸಿಕೊಂಡದ್ದಕ್ಕೇ ಸಂಬಂಧ ಕುದುರಿತು ಎಂದು ಊರಿನವರು ಇವತ್ತಿಗೂ ನಗುತ್ತಾರೆ.

ಅಂಥ ಮನೆಗೆ ಹೋಗಿ ಔಷಧಿಯ ಮಾತೆತ್ತುವುದು ವಾರಿಜಳಿಗೂ ಸುಲಭವಿರಲಿಲ್ಲ.

"ಮದ್ದಾ? ನಮ್ ಮನೆಗಾ?" ಮುನಿಲಕ್ಷ್ಮಮ್ಮನ ಕೈಯಲ್ಲಿದ್ದ ಸೊಪ್ಪು ಕತ್ತರಿಸುವ ಕತ್ತಿ ನಿಂತುಬಿಟ್ಟಿತು. "ತೊಗರಿಗೆ ಮದ್ದು ಹೊಡ್ದೋರು ನಮ್ ತೋಟದ ಬದೀಲಿ ನಡ್ಯೋಕೂ ಬಿಡಲ್ಲ ನಾನು. ನೀನೇ ಈ ಮನ್ಯಾಗೆ ಹುಟ್ಟಿ ಬೆಳ್ದೋಳು, ನೀನು ಕೇಳೋ ಮಾತಾ ಇದು?"

"ಕೋಪ ಮಾಡ್ಕೋಬೇಡ ಅಮ್ಮ. ಪರೀಕ್ಷೆಗೆ ಬೇಕು, ಅಷ್ಟೆ."

ಅಂಬುಜ ಜಗಲಿಯ ಮೇಲೆ ಕಾಲು ಚಾಚಿಕೊಂಡು ಬೇಯಿಸಿದ ಮೊಟ್ಟೆಗೆ ಉಪ್ಪು ಸವರುತ್ತಿದ್ದಳು. ಕೆನ್ನೆ ತುಂಬಿಕೊಂಡಿದ್ದಳು. ಇಷ್ಟು ನಿಶ್ಚಿಂತಳಾದ ತಂಗಿಯನ್ನು ನೋಡಿ ಎಷ್ಟು ಕಾಲವಾಗಿತ್ತೋ. "ಅಕ್ಕ, ಈ ಸಲ ಒಳಗೆ ಒದೀತಾ ಇದೆ, ಮುಟ್ಟಿ ನೋಡು," ಎಂದು ಕರೆದಳು. ವಾರಿಜ ಮುಟ್ಟಿ ನೋಡಿದಳು. ಕೈಗೆ ಒಂದು ಪುಟ್ಟ ಗುದ್ದು ಸಿಕ್ಕಿತು. ತಂಗಿಯ ಕೈಯಲ್ಲಿದ್ದ ಮೊಟ್ಟೆಯನ್ನು ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲಿಲ್ಲ, "ಇದೊಂದು ನನಗೆ ಕೊಡೆ, ಹಸಿವಾಗಿದೆ," ಎಂದು ಇಸಿದುಕೊಂಡು ಚೀಲಕ್ಕೆ ಹಾಕಿದಳು.

ಮನೆ ಹೊಸದು. ಹಳೆಯ ಮಣ್ಣಿನ ಮನೆಯನ್ನು ತಮ್ಮ ಆಂಜಿನಪ್ಪ ಹೋದ ಬೇಸಿಗೆಯಲ್ಲಿ ಕೆಡವಿ ತಾರಸಿ ಮನೆ ಕಟ್ಟಿಸಿದ್ದ. ಹಿತ್ತಲಿನಲ್ಲಿ ಆಳೆತ್ತರದ ಮಣ್ಣಿನ ದಿಬ್ಬ. ಅದರ ತುಂಬ ಕುಂಬಳದ ಬಳ್ಳಿ ಹಬ್ಬಿಕೊಂಡು, ಕೊಡದಂಥ ಕಾಯಿ ಬಿಟ್ಟುಕೊಂಡು ಬಿದ್ದಿತ್ತು. ಬಳ್ಳಿಯ ಬುಡದಲ್ಲಿ ಕೋಳಿಗಳು ಮಣ್ಣು ಕೆದರುತ್ತಿದ್ದವು.

"ಇದ್ಯಾವ ಮಣ್ಣೋ ಆಂಜಿ?"

"ಹಳೇ ಗೋಡೆ ಮಣ್ಣು ಕಣಕ್ಕ. ಗೊಬ್ಬರ ಇದರ ಮುಂದೆ ಏನೂ ಅಲ್ಲ, ಕಾಯಿ ನೋಡು ಹೆಂಗವೆ. ಮಳೆ ಬಿದ್ಮೇಲೆ ಎಲ್ಲಾನೂ ಹಿಪ್ಪುನೇರಳೆ ತೋಟಕ್ಕೆ ಹೊಡೀತೀನಿ. ಪಕ್ಕದೋರು ಒಂದ್ ಲೋಡು ಕೊಡು ಅಂತ ಬೆನ್ನು ಬಿದ್ದವ್ರೆ."

ಹೊಟ್ಟು, ಸಗಣಿ, ಒಲೆಯ ಹೊಗೆ, ದನದ ಉಸಿರು ಕುಡಿದು ಹದವಾದ ಗೋಡೆಯ ಮಣ್ಣನ್ನು ಈ ಸೀಮೆಯಲ್ಲಿ ಯಾರೂ ಬೀದಿಗೆ ಚೆಲ್ಲುವುದಿಲ್ಲ. ಮನೆ ಕೆಡವಿದವರು ಮೊದಲು ಕಾಯುವುದು ತೊಲೆಯನ್ನಲ್ಲ, ಮಣ್ಣನ್ನು. ವಾರಿಜ ಮೊಟ್ಟೆ, ಹಾಲು, ನೀರು, ಕುಂಬಳದ ಹೋಳು ಎಲ್ಲವನ್ನೂ ಸೀಸೆಗಳಿಗೆ ತುಂಬಿಸಿಕೊಂಡಳು. ಹೊರಡುವಾಗ ಯಾವುದಕ್ಕೂ ಇರಲಿ ಎಂದು ದಿಬ್ಬದ ಮಣ್ಣನ್ನೂ ಒಂದು ಹಿಡಿ ತೆಗೆದುಕೊಂಡಳು. ಜೊತೆಗೆ ತಂಗಿಗೆ ಒಂದು ಮಾತು ಹೇಳಿದಳು: "ನಾನು ಫೋನು ಮಾಡೋವರೆಗೂ ಮೊಟ್ಟೆ ಬೇಡ. ಯಾಕೆ ಅಂತ ಕೇಳಬೇಡ."

* * *

ಯಂತ್ರದ ಪರದೆಯ ಮೇಲೆ ಗೆರೆಗಳು ಏಳುವಾಗ ಸಮೀಉಲ್ಲಾ ಅವಳ ಹಿಂದೆ ನಿಂತಿದ್ದರು. ಹಾಲಿನಲ್ಲಿ ಏನಿಲ್ಲ, ನೀರಿನಲ್ಲಿ ಏನಿಲ್ಲ. ಮೊಟ್ಟೆಯಲ್ಲಿ ಇತ್ತು, ಕುಂಬಳದಲ್ಲೂ ಇತ್ತು. ಮಣ್ಣಿನ ಸರದಿ ಬಂದಾಗ ಗೆರೆ ನೆಟ್ಟಗೆ ಮೇಲೆದ್ದಿತು.

"ಡಿ.ಡಿ.ಟಿ." ಎಂದರು ಸಮೀಉಲ್ಲಾ. "ಅದಕ್ಕಿಂತ ಹೆಚ್ಚಾಗಿ ಅದು ಮುರಿದು ಉಳಿಯೋ ಡಿ.ಡಿ.ಇ. ಅಂದ್ರೆ ಇದು ಹೊಸದಾಗಿ ಹೊಡೆದದ್ದಲ್ಲ. ಹಳೇದು, ದಶಕಗಳ ಹಿಂದಿನದು. ಇದು ನಿಮ್ಮ ಗೋಡೇಲಿ ಯಾಕೆ ಬಂತು?"

ವಾರಿಜಳಿಗೆ ಥಟ್ಟನೆ ಒಂದು ನವಿಲು ನೆನಪಾಯಿತು.

ಅವಳು ಚಿಕ್ಕವಳಿದ್ದಾಗ ಮಲೇರಿಯಾದವರು ಬರುತ್ತಿದ್ದರು. ಹೆಗಲಿಗೆ ಪಂಪು, ಮೂಗಿಗೆ ಬಟ್ಟೆ. ಪಾತ್ರೆಪಗಡ ಅಂಗಳಕ್ಕೆ ಸಾಗಿಸಿ, ಹುಳದ ತಟ್ಟೆಗಳನ್ನು ದೂರದ ಚಿಕ್ಕಪ್ಪನ ಮನೆಗೆ ಕಳಿಸಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತಿದ್ದರು. ಅವರು ಒಳಗೋಡೆಗೆಲ್ಲ ಔಷಧಿ ಹೊಡೆದು, ಬಾಗಿಲ ಪಕ್ಕದಲ್ಲಿ ಗೇರುಬಣ್ಣದಿಂದ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು. ಒಣಗಿದ ಮೇಲೆ ಗೋಡೆಯ ತುಂಬ ಬೆಳ್ಳನೆಯ ಹುಡಿ. ಒಂದು ಸಲ ಅದರಲ್ಲಿ ಬೆರಳಾಡಿಸಿ ನವಿಲು ಬರೆದಿದ್ದಕ್ಕೆ ವಾರಿಜ ಏಟು ತಿಂದಿದ್ದಳು. ಹಬ್ಬ ಬಂದಾಗ ಅಮ್ಮ ಆ ಹುಡಿಯ ಮೇಲೆಯೇ ಸುಣ್ಣ ಬಳಿಯುತ್ತಿದ್ದಳು. ಮರುವರ್ಷ ಮತ್ತೆ ಪಂಪು, ಮತ್ತೆ ಸುಣ್ಣ. ಹುಳುಗಳನ್ನು ಕಾಪಾಡಲು ಅಷ್ಟೆಲ್ಲ ಹೆಣಗುತ್ತಿದ್ದ ಮನೆ, ಗೋಡೆಯೊಳಗೆ ಪದರ ಪದರವಾಗಿ ಅದನ್ನೇ ಕೂಡಿಸಿಟ್ಟುಕೊಂಡಿತ್ತು. ಬಿಸಿಲು ತಾಗದೆ, ಮಳೆ ತಾಗದೆ ಅದು ಹಾಗೇ ಇತ್ತು.

"ತಪ್ಪು ಯಾರದೂ ಅಲ್ಲ ಸರ್," ಎಂದಳು. "ನಮ್ಮ ತಾತನ ಅಣ್ಣತಮ್ಮಂದಿರು ಮೂವರು ಚಳಿಜ್ವರಕ್ಕೇ ಹೋದ್ರಂತೆ. ಆ ಔಷಧಿ ಬಂದಮೇಲೆ ನಮ್ಮನೇಲಿ ಯಾರೂ ಜ್ವರದಿಂದ ಸಾಯಲಿಲ್ಲ. ಗೋಡೆ ಗೋಡೆಯಾಗಿ ನಿಂತಿರೋವರೆಗೂ ತನ್ನ ಕೆಲಸ ಮಾಡ್ತು. ನಾವು ಅದನ್ನ ಗೊಬ್ಬರ ಅಂದ್ಕೊಂಡ್ವಿ, ಅಷ್ಟೇ."

"ನಿಮ್ಮ ಹುಳುಗೆ ತಲೆ ಕೆಟ್ಟಿಲ್ಲ ಹಾಗಾದ್ರೆ," ಎಂದರು ಸಮೀಉಲ್ಲಾ. "ಈ ಯಂತ್ರ ಎಷ್ಟಿದೆ ಅಂತ ಮಾತ್ರ ಹೇಳತ್ತೆ. ಅದು ಸೀಟು ಹಿಡಿದಿದೆ ಅಂತ ಹೇಳಿದ್ದು ಹುಳು. ಸಮಿತಿಗೆ ಈ ಮನೆಯಿಂದಲೇ ಶುರು ಮಾಡಿ."

* * *

ವಿಷಯ ಹೇಳುವ ಕೆಲಸ ಕಷ್ಟದ್ದು. ಹೊಸ ಮನೆಯ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ವಾರಿಜ ಗೋಡೆಯಿಂದ ಶುರುಮಾಡಿ ಮೊಟ್ಟೆಯವರೆಗೆ ಬಂದಳು. ಟವೆಲ್ಲಿನ ಮಾತು ಕೇಳಿ ಆಂಜಿನಪ್ಪ ತಲೆಯಾಡಿಸಿದ, ಅವನಿಗೆ ಅರ್ಥವಾಗಿತ್ತು. ಬಿಳಿ ಗೂಡಿನ ಅರ್ಥ ಕೇಳಿದ ಕೂಡಲೇ ಮುನಿಲಕ್ಷ್ಮಮ್ಮನ ಮುಖ ಸುಣ್ಣವಾಯಿತು.

"ನನ್ ಕೈಯಾರೆ ತಿನ್ಸಿದ್ನಲ್ಲೇ," ಎಂದಳು. "ಬೇಡ ಬೇಡ ಅಂದ್ರೂ ಬಾಯಿಗೆ ತುರ್ಕಿದ್ನಲ್ಲ. ಗೂಡು ಬೆಳ್ಳಗೈತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮ ಅಳುವುದನ್ನು ಮಕ್ಕಳು ಅಪ್ಪ ತೀರಿಕೊಂಡ ದಿನದ ಮೇಲೆ ಕಂಡಿರಲಿಲ್ಲ.

ಅಂಬುಜ ಅಳಲಿಲ್ಲ. ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು ನೇರವಾಗಿ ಕೇಳಿದಳು. "ನನ್ನ ಮಗುಗೆ ಏನಾಗತ್ತೆ ಅಕ್ಕ?"

"ಏನೂ ಆಗದೇ ಇರೋ ಸಾಧ್ಯತೇನೇ ಹೆಚ್ಚು. ಆದರೆ ಖಂಡಿತ ಅಂತ ನಾನು ಹೇಳಿದ್ರೆ ಸುಳ್ಳಾಗತ್ತೆ."

"ಮೊದಲೆರಡು ಹೋದದ್ದು ಇದರಿಂದಾನಾ?"

"ಇಲ್ಲ. ಆಗ ನೀನು ಇಲ್ಲಿರಲಿಲ್ಲ, ಗೋಡೆಯೂ ಬಿದ್ದಿರಲಿಲ್ಲ. ಅದನ್ನ ಮಾತ್ರ ಮನಸ್ಸಿಗೆ ಹಚ್ಕೋಬೇಡ." ವಾರಿಜ ತಂಗಿಯ ಪಕ್ಕಕ್ಕೆ ಸರಿದು ಕೂತಳು. "ನೀನು ತಿಂದದ್ದು ಎರಡು ತಿಂಗಳು. ಹತ್ತು ವರ್ಷ ತಿಂದು ಆಮೇಲೆ ಗೊತ್ತಾಗಿದ್ರೆ ನನಗೂ ಹೆದರಿಕೆ ಆಗ್ತಿತ್ತು. ಒಳಗೆ ಹೋಗಿರೋದು ಬೇಗ ಹೊರಗೆ ಬರಲ್ಲ, ಜಿಡ್ಡಿನಲ್ಲಿ ಇರತ್ತೆ. ಆದರೆ ಇನ್ನು ಮುಂದೆ ಒಂದು ಚೂರೂ ಸೇರದ ಹಾಗೆ ನಾವು ನೋಡ್ಕೋಬಹುದು."

ಅಂಬುಜ ಮತ್ತೆ ಕೇಳಿದಳು. "ಇಂಥದ್ದು ಹಾಲಿನಲ್ಲೂ ಇಳಿಯತ್ತೆ ಅಲ್ವಾ? ಎದೆಹಾಲಿನಲ್ಲಿ?"

ವಾರಿಜ ಹೌದೆಂದಳು. ಆದರೂ ಹಾಲು ಕೊಡಬೇಕು, ಅದರಿಂದ ಆಗುವ ಒಳಿತು ದೊಡ್ಡದು, ಲೋಕದ ವೈದ್ಯರೆಲ್ಲ ಅದನ್ನೇ ಹೇಳುತ್ತಾರೆ ಎಂದೂ ಹೇಳಿದಳು. ಅಂಬುಜ ಕೇಳಿಸಿಕೊಂಡಳು, ಒಪ್ಪಲಿಲ್ಲ.

"ಮೊಟ್ಟೆ ಬಗ್ಗೆ ನಿನ್ನ ಹುಳ ಹೇಳ್ತು. ನನ್ನ ಬಗ್ಗೆಯೂ ಅದೇ ಹೇಳ್ಲಿ. ನನ್ನ ರಕ್ತ ಹಾಕಿ ಕೇಳು. ಬಿಳಿ ಅಂತ ಹೇಳಿದ್ರೆ ನಾನು ಮಗುನ ಎದೆಗೆ ಹಚ್ಚಲ್ಲ. ಎಷ್ಟು ಅತ್ತರೂ ಹಚ್ಚಲ್ಲ."

ರಕ್ತದ ಜಿಡ್ಡಿಗೆ ಹೊಂದುವ ಬಿಲ್ಲೆ ಇನ್ನೂ ತಯಾರಾಗಿರಲಿಲ್ಲ. ತಯಾರಿಸುತ್ತೇನೆ ಎಂದು ವಾರಿಜ ಮಾತು ಕೊಟ್ಟಳು.

* * *

ಮುನಿಲಕ್ಷ್ಮಮ್ಮ ಅತ್ತದ್ದು ಅಂದು ಒಂದೇ ಸಲ. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ನಿಂತು, ಕ್ಯಾನು ಹಿಡಿದು ಬಂದವರಿಗೆಲ್ಲ ತಾನೇ ಹೇಳಿದಳು: ನಮ್ಮ ಮನೆಯ ಗೋಡೆ ಮಣ್ಣಿನಲ್ಲಿ ಹಳೇ ಮದ್ದಿದೆ, ಯಾರೂ ಆ ಮಣ್ಣು ಕೇಳಬೇಡಿ, ನಿಮ್ಮ ಗೋಡೆ ಮಣ್ಣನ್ನೂ ತೋಟಕ್ಕೆ ಹಾಕಬೇಡಿ. ಮಾನ ಹೋಗುತ್ತದೆಂದು ಆಂಜಿನಪ್ಪ ತಡೆಯಲು ಹೋಗಿದ್ದ. "ಮಾನ ನಂದು, ಹೋದ್ರೆ ಹೋಗ್ಲಿ," ಎಂದು ಅವನನ್ನು ಸುಮ್ಮನಾಗಿಸಿದಳು. ಕೆಲವರು ನಕ್ಕರು. ಕೆಲವರು ಮನೆಗೆ ಹೋಗಿ ತಮ್ಮ ಹಿತ್ತಲಿನ ದಿಬ್ಬವನ್ನು ಒಂದು ಸಲ ನೋಡಿ ಬಂದರು. ಆ ವಾರದಲ್ಲೇ ಊರಿನಿಂದ ಕೇಂದ್ರಕ್ಕೆ ಪೆಟ್ಟಿಗೆ ಬೇಕೆಂದು ಫೋನು ಮೇಲೆ ಫೋನು ಬಂದವು.

ಕೋಳಿಗಳು ಜಾಲರಿಯ ಗೂಡು ಸೇರಿದವು. ಮಣ್ಣಿನ ದಿಬ್ಬವನ್ನು ಏನು ಮಾಡುವುದೆಂಬುದೇ ಪ್ರಶ್ನೆಯಾಯಿತು. ಅದಕ್ಕೆ ಉತ್ತರ ಆ ದಿಬ್ಬದ ಮೇಲೆಯೇ ಬೆಳೆದಿತ್ತು. ಕುಂಬಳದ ಬೇರಿಗೆ ಒಂದು ವಿಚಿತ್ರ ಚಪಲವಿದೆ, ಬೇರೆ ಗಿಡಗಳು ಮುಟ್ಟದ ಈ ಹಳೆಯ ವಿಷವನ್ನು ಅದು ಮಣ್ಣಿನಿಂದ ಹೀರಿಕೊಳ್ಳುತ್ತದೆ. ತಿನ್ನುವವರಿಗೆ ಅದು ಕೇಡು, ಮಣ್ಣಿಗೆ ಅದೇ ಮದ್ದು. ದಿಬ್ಬವನ್ನು ಹರಡಿ, ಅಡಿಗೆ ದಪ್ಪ ಹಾಳೆ ಹಾಸಿ, ತುಂಬ ಕುಂಬಳ ಬೆಳೆದು, ಬಳ್ಳಿ ಬೇರು ಕಾಯಿ ಸಮೇತ ಕೇಂದ್ರದ ಭಾರೀ ಉರಿಯ ಕುಲುಮೆಗೆ ಕಳಿಸುವುದೆಂದು ವಾರಿಜ ಉಪಾಯ ಹೂಡಿದಳು. ಬೆಳೆ ಮೇಲೆ ಬೆಳೆ ತೆಗೆಯಬೇಕು, ವರ್ಷಗಳು ಹಿಡಿಯಬಹುದು. ಪ್ರತಿ ಬೆಳೆಯ ಮಣ್ಣನ್ನೂ ಹುಳುವಿಗೆ ತೋರಿಸಬೇಕು.

"ತಿನ್ನದೇ ಇರೋಕೆ ಕುಂಬ್ಳ ಬೆಳೀಬೇಕಾ?" ಎಂದು ಮುನಿಲಕ್ಷ್ಮಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಆದರೆ ಬೆಳೆಯುವುದೆಂದ ಮೇಲೆ ಅವಳಿಗೆ ಅರೆಮನಸ್ಸು ಗೊತ್ತಿಲ್ಲ. ಬೀಜ ಆರಿಸಿ, ಮಡಿ ಮಾಡಿ, ಹೊತ್ತಿಗೆ ಹೊತ್ತಿಗೆ ನೀರು ಹಾಯಿಸಿದಳು. ಹಿತ್ತಲಿನ ತುಂಬ ಬಂಗಾರದ ಕಾಯಿ ಬಿದ್ದುಕೊಂಡಿದ್ದರೂ ಒಬ್ಬರಿಗೂ ಒಂದು ಹೋಳು ಕೊಡದ ಜಿಪುಣಿ ಎಂದು ಓಣಿಯವರು ಛೇಡಿಸಿದರೆ, "ನೀವು ಬದುಕ್ಲಿ ಅಂತಾನೇ ಕೊಡ್ದಿರೋದು," ಎನ್ನುತ್ತಿದ್ದಳು.

ಸಮಿತಿಯವರು ಬಂದರು. ಅವರಲ್ಲೊಬ್ಬರು ಬಿಳಿ ಗೂಡಿನ ಕತೆ ಕೇಳಿ, ತಾವು ಹುಟ್ಟಿದ ಮನೆಯ ಗೋಡೆಯ ಮಣ್ಣು ಈಗೆಲ್ಲಿದೆಯೋ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಯೋಜನೆಗೆ ಒಪ್ಪಿಗೆ ಸಿಕ್ಕಿತು. ತಾಲ್ಲೂಕಿನ ಆರೋಗ್ಯ ಕೇಂದ್ರಗಳಲ್ಲಿ ಕೇಳಿದವರಿಗೆಲ್ಲ ಪೆಟ್ಟಿಗೆ ಕೊಡುವುದೆಂದಾಯಿತು.

ವಾರಿಜಳಿಗೆ ಸಂತೋಷಪಡಲು ಪುರುಸೊತ್ತಿರಲಿಲ್ಲ. ರಕ್ತದ ಬಿಲ್ಲೆಯನ್ನು ಹುಳು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಹಿಪ್ಪುನೇರಳೆಯ ಪುಡಿ ಹೆಚ್ಚಿಸಿ, ಹದ ಬದಲಿಸಿ, ಮತ್ತೆ ಮತ್ತೆ ಮಾಡಿ, ಅಂತೂ ಹುಳು ತಿಂದ ದಿನ ಅಂಬುಜಳಿಗೆ ಒಂಬತ್ತು ತುಂಬುತ್ತಿತ್ತು. ತಂಗಿಯ ರಕ್ತ ತೆಗೆದುಕೊಂಡು, ಬಿಲ್ಲೆ ಮಾಡಿ, ಪೆಟ್ಟಿಗೆಯನ್ನು ಅಮ್ಮನಿಗೇ ಕೊಟ್ಟಳು. ಕೇಂದ್ರದಲ್ಲಿ ಎಷ್ಟು ಜನ ನುರಿತವರಿದ್ದರೂ ಈ ಹುಳುಗಳನ್ನು ಬೇರೆ ಕೈಗೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಹುಳುಗಳು ಕೊನೆಯ ಜ್ವರಕ್ಕೆ ಕೂತವು. ಮೈಪೊರೆ ಬಿಡುವ ಆ ನಿದ್ದೆಗೆ ಸಾಕುವವರು ಜ್ವರ ಎನ್ನುತ್ತಾರೆ. ಜ್ವರ ಬಿಟ್ಟೆದ್ದು ಮೇದವು, ಮೇದು ಮೇದು ಗೂಡು ಕಟ್ಟುವ ಹದಕ್ಕೆ ಹಣ್ಣಾದವು, ಚಂದ್ರಿಕೆಯ ಬಿದಿರಿನ ಸುರುಳಿಗೆ ಹತ್ತಿ ಮೊದಲ ಎಳೆ ಬಿಟ್ಟವು. ಮೊದಲ ಎಳೆಯಲ್ಲಿ ಬಣ್ಣ ತಿಳಿಯುವುದಿಲ್ಲ. ಗೂಡು ಇನ್ನೂ ಬಲಿಯುತ್ತಿರುವಾಗಲೇ ಅಂಬುಜಳಿಗೆ ನೋವು ಶುರುವಾಯಿತು; ಅಮ್ಮ ಹುಳುಗಳ ಬಳಿ ಉಳಿದಳು, ವಾರಿಜ ತಂಗಿಯ ಜೊತೆ ಹೋದಳು.

* * *

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಬಿಸಿಲೇರಿತ್ತು. ಹೆಣ್ಣು ಮಗು. ತೂಕ ಚೆನ್ನಾಗಿತ್ತು, ದನಿ ಇನ್ನೂ ಚೆನ್ನಾಗಿತ್ತು. ವಾರಿಜ ಅದರ ಬೆರಳುಗಳನ್ನು ಎಣಿಸಿ, ಎಣಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ನರ್ಸ್ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದಳು. "ಹಾಲು ಕುಡಿಸಮ್ಮ, ಮೊದಲ ಹಾಲು ಬೇಗ ಕೊಡಬೇಕು."

ಅಂಬುಜ ಅಕ್ಕನ ಕಡೆ ನೋಡಿದಳು. "ಅಮ್ಮ ಬಂದಳಾ?"

"ಗೂಡು ಬಿಡಿಸ್ಕೊಂಡು ಹೊರಟಿದ್ದಾಳೆ. ಫೋನು ಎತ್ತುತಿಲ್ಲ."

ಮಗು ಅತ್ತಿತು. ಅಂಬುಜ ಮುಖ ಗೋಡೆಗೆ ತಿರುಗಿಸಿದಳು. ಮಗು ಇನ್ನೂ ಜೋರಾಗಿ ಅತ್ತಿತು. ಬಟ್ಟೆಯೊಳಗಿಂದ ತುಟಿ ಮುಂದೆ ಮಾಡಿ, ಕತ್ತು ಅತ್ತಿತ್ತ ಹೊರಳಿಸುತ್ತ ಗಾಳಿಯಲ್ಲಿ ಹುಡುಕುತ್ತಿತ್ತು. ವಾರಿಜ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ ಮುಗಿಸಿದ್ದಳು. ಈಗ ಒಂದೇ ಒಂದು ಮಾತು ಆಡಿದಳು.

"ಹುಳ ಏನೇ ಹೇಳಲಿ ಅಂಬು, ಇದರಮ್ಮ ನೀನು."

ಅಂಬುಜ ಗೋಡೆಯಿಂದ ಇತ್ತ ಹೊರಳಿದಳು. ಆಮೇಲೆ ಕೈ ಚಾಚಿದಳು. ಮಗುವನ್ನು ಎದೆಗೆ ಹಚ್ಚಿಕೊಂಡಳು. ಅಳು ಫಕ್ಕನೆ ನಿಂತಿತು. ವಾರ್ಡಿನಲ್ಲಿ ಪುಟ್ಟ ಬಾಯಿ ಚೀಪುವ ಸದ್ದು ಮಾತ್ರ ಕೇಳಿಸುತ್ತಿತ್ತು. ವಾರಿಜ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಆಗ ಬಾಗಿಲಲ್ಲಿ ಮುನಿಲಕ್ಷ್ಮಮ್ಮ ಕಾಣಿಸಿದಳು. ಆಂಜಿನಪ್ಪನ ಬೈಕಿನ ಹಿಂದೆ ಕೂತು ಬಂದವಳ ತಲೆ ಕೆದರಿತ್ತು, ಮುಖ ಧೂಳಾಗಿತ್ತು. ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಎದೆಗವಚಿಕೊಂಡಿದ್ದಳು. ಕಣ್ಣು ಅತ್ತು ಕೆಂಪಾಗಿದ್ದವು. ಅದನ್ನು ನೋಡಿ, ಗೂಡು ಬಿಳಿಯೇ ಇರಬೇಕೆಂದುಕೊಂಡಳು ವಾರಿಜ.

"ಕುಡೀತಾ ಐತಾ?" ಎಂದಳು ಮುನಿಲಕ್ಷ್ಮಮ್ಮ. "ಕುಡೀಲಿ, ಕುಡೀಲಿ. ಬಿಡಿಸ್ಬೇಡ."

ಮಂಚದ ಅಂಚಿನಲ್ಲಿ ಕೂತು ಗಂಟು ಬಿಚ್ಚಿದಳು. ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ಗೂಡುಗಳು ಉರುಳಿದವು. ಅರಿಸಿನದಷ್ಟು ಕಡುಹಳದಿ ಅಲ್ಲ, ಎಳೆ ಬಿಸಿಲಿನ ಹಳದಿ. ಎಲ್ಲವೂ ಹಳದಿಯೇ. ಒಂದು ಮಾತ್ರ ಉಳಿದವಕ್ಕಿಂತ ಪೇಲವವಾಗಿತ್ತು. ಮುನಿಲಕ್ಷ್ಮಮ್ಮ ಅದನ್ನೇ ಎತ್ತಿ ಮಗಳ ಮುಂದೆ ಹಿಡಿದಳು.

"ಇದು ಸ್ವಲ್ಪ ಬೆಳ್ಳಗೈತೆ ಅನ್ಸತ್ತಾ ವಾರಿಜ? ದಾರೀಲೆಲ್ಲ ಇದೊಂದೇ ನೋಡ್ಕೊಂಡು ಬಂದೆ."

ವಾರಿಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಸಮಾಧಾನಕ್ಕಾಗಿ ಹೇಳುವ ಮಾತು ಬೇಕಿರಲಿಲ್ಲ. "ಇದೂ ಹಳದೀನೇ ಅಮ್ಮ. ಸೀಟಿನಲ್ಲಿ ಕೂರಬೇಕಾದವರು ಕೂತಿದ್ದಾರೆ."

"ಹಂಗಾದ್ರೆ ಸರಿ," ಎಂದಳು ಮುನಿಲಕ್ಷ್ಮಮ್ಮ. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಅಡಕತ್ತರಿಯನ್ನು ಬಿಚ್ಚಿ, ಹಸುಗೂಸಿಗೆ ದೃಷ್ಟಿ ತಾಗದಿರಲೆಂದು ದಿಂಬಿನ ಕೆಳಗೆ ಇಟ್ಟಳು. ಆಮೇಲೆ ರಾಶಿಯಿಂದ ಒಂದು ಗೂಡನ್ನು ಆರಿಸತೊಡಗಿದಳು. ಮಾರುಕಟ್ಟೆಯಲ್ಲಿ ಆರಿಸುವ ಹಾಗೆಯೇ ಒತ್ತಿ ನೋಡಿದಳು, ಕಿವಿಯ ಹತ್ತಿರ ಅಲುಗಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಜೀವಮಾನವಿಡೀ ಬಿಳಿಯದನ್ನೇ ಹುಡುಕಿದ ಕಣ್ಣು ಅವುಗಳಲ್ಲೆಲ್ಲ ಹೆಚ್ಚು ಹಳದಿಯಾದದ್ದನ್ನು ಹುಡುಕಿ ತೆಗೆಯಿತು. ಅದನ್ನು ಅಡಕತ್ತರಿಯ ಪಕ್ಕದಲ್ಲಿ ಇಟ್ಟು, ದಿಂಬನ್ನು ಸರಿಮಾಡಿದಳು.